ಚೀನಾದ ಕರಾವಳಿ ಪ್ರವಾಸ: ಅಮ್ಮನಿಗೆ ಸಸ್ಯಾಹಾರ, ಅಪ್ಪನಿಗೆ ಮೀನು. ಅಲ್ಲಿನ ಊಟವನ್ನೇ ಮಾಡಬಹುದಾ?

ಕೋಡಿ_ಕಡಲು
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನ ಜೊತೆ ಚೀನಾಕ್ಕೆ ಹೊರಟಿದ್ದೇನೆ. ಬೀಜಿಂಗ್, ಗ್ರೇಟ್ ವಾಲ್ ಎಲ್ಲ ಬೇಡ ಅಂತ ತೀರ್ಮಾನ ಆಗಿದೆ. ಅಪ್ಪ ಹುಟ್ಟಿ ಬೆಳೆದದ್ದು ಕುಂದಾಪುರದಲ್ಲಿ. ಅವರಿಗೆ ಕಡಲು, ಬಂದರು, ಮೀನು ಮಾರ್ಕೆಟ್ ನೋಡಬೇಕು. ಹಾಗಾಗಿ ಶಿಯಾಮೆನ್, ಚುವಾನ್‌ಝೌ, ಚಾವೋಝೌ, ಕೊನೆಗೆ ಗುವಾಂಗ್‌ಝೌ. ದಸರಾ ರಜೆ ನೋಡಿಕೊಂಡು ಅಕ್ಟೋಬರ್ ಮೊದಲ ವಾರ ಅಂದುಕೊಂಡಿದ್ದೇವೆ.

ತಲೆನೋವು ಊಟದ್ದು. ಅಮ್ಮ ಮಲೆನಾಡಿನ ಸಾಗರದ ಕಡೆಯವರು, ಶುದ್ಧ ಸಸ್ಯಾಹಾರಿ, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಅಪ್ಪ ಮೀನು, ಸಿಗಡಿ, ಏಡಿ ತಿನ್ನುತ್ತಾರೆ, ಕೋಳಿಯೂ ಆದೀತು. ಹಂದಿ, ದನ ಬೇಡವೇ ಬೇಡ. ನನಗೆ ಯಾವುದಾದರೂ ಸರಿ. ಟ್ರಾವೆಲ್ ಏಜೆಂಟ್ ಎರಡೂ ಹೊತ್ತು ಇಂಡಿಯನ್ ಹೋಟೆಲಿಗೇ ಕರೆದುಕೊಂಡು ಹೋಗುತ್ತೇವೆ ಅನ್ನುತ್ತಾರೆ. ಅಷ್ಟು ದೂರ ಹೋಗಿ ದಾಲ್, ನಾನ್ ತಿಂದು ಬರಲು ನನಗೆ ಮನಸ್ಸಿಲ್ಲ. ಮೂವರೂ ಒಂದೇ ಮೇಜಿನಲ್ಲಿ ಕೂತು ಆ ಊರಿನ ಊಟ ಮಾಡಲು ಸಾಧ್ಯವಾ? ಹೋಗಿ ಬಂದವರು, ಅಲ್ಲೇ ಇರುವವರು ಹೇಳಿ.

ಬೇಳೆಸಾರು
ಅಮ್ಮನ ವಿಷಯದಲ್ಲಿ ಪ್ರಯೋಗ ಬೇಡ. ರೆಡಿ ಉಪ್ಪಿಟ್ಟು, ಅವಲಕ್ಕಿ, ಚಟ್ನಿಪುಡಿ, ಒಂದು ಚಿಕ್ಕ ರೈಸ್ ಕುಕ್ಕರ್ ತಗೊಂಡು ಹೋಗಿ. ನಾವು ಶಾಂಘೈಗೆ ಹೋದಾಗ ಇಡೀ ಗುಂಪು ಹಾಗೇ ಮಾಡಿದ್ದು. ಯಾರಿಗೂ ಹೊಟ್ಟೆ ಕೆಡಲಿಲ್ಲ.

ದ್ವೀಪದ_ದಾರಿ
ಶಿಯಾಮೆನ್‌ನಲ್ಲಿ ಕೆಲವು ವರ್ಷ ಓದಿದವನು ನಾನು. ಊಟಕ್ಕಿಂತ ಮೊದಲು ದಿನಾಂಕ ಬದಲಾಯಿಸಿ. ಅಕ್ಟೋಬರ್ 1ರಿಂದ 7 ಅವರ ರಾಷ್ಟ್ರೀಯ ರಜೆ. ಇಡೀ ದೇಶವೇ ಪ್ರವಾಸ ಹೊರಡುತ್ತದೆ. ಶಿಯಾಮೆನ್ ಎದುರಿನ ಗುಲಾಂಗ್ಯು ದ್ವೀಪದ ಫೆರಿ ಟಿಕೆಟ್ ಸಿಗುವುದಿಲ್ಲ, ರೂಮಿನ ಬಾಡಿಗೆ ಗಗನಕ್ಕೆ, ಒಳ್ಳೆ ಹೋಟೆಲಿನ ಮುಂದೆ ಗಂಟೆಗಟ್ಟಲೆ ಕ್ಯೂ. ರೈಲಿನ ಟಿಕೆಟ್ 15 ದಿನ ಮೊದಲು ಬಿಡುತ್ತಾರೆ, ಆ ವಾರದ್ದು ನೋಡನೋಡುತ್ತಲೇ ಖಾಲಿ. ವಯಸ್ಸಾದವರನ್ನು ಕರೆದುಕೊಂಡು ಆ ಜನಜಾತ್ರೆಯಲ್ಲಿ ಖಂಡಿತ ಬೇಡ. ತಿಂಗಳ ಮಧ್ಯದಲ್ಲಿ ಹೋಗಿ, ಹವೆಯೂ ಚೆನ್ನಾಗಿರುತ್ತದೆ.

ಈಗ ಊಟ. ನಿಮ್ಮ ಅಮ್ಮನಿಗೆ ಶಿಯಾಮೆನ್‌ನಷ್ಟು ಒಳ್ಳೆಯ ಊರು ಚೀನಾದಲ್ಲಿ ಕಡಿಮೆ. ಯೂನಿವರ್ಸಿಟಿಯ ಪಕ್ಕದಲ್ಲೇ ನಾನ್‌ಪುತೂವೋ ಅಂತ ದೊಡ್ಡ ಬೌದ್ಧ ದೇವಸ್ಥಾನ ಇದೆ, ಅಲ್ಲಿಯ ಸಸ್ಯಾಹಾರಿ ಊಟದ ಮನೆ ಬಹಳ ಹೆಸರುವಾಸಿ. ಮಾಂಸ, ಮೀನು ಅಷ್ಟೇ ಅಲ್ಲ, ಬೌದ್ಧರ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಅಣಬೆ ಮತ್ತು ಗೋಧಿಯ ಅಂಟಿನಿಂದ ಮಾಡಿದ ಉಂಡೆಗಳನ್ನು ಒಂದು ಬೇರಿನ ಕಷಾಯದಂಥ ತಿಳಿಸಾರಿನಲ್ಲಿ ಹಾಕಿ ಕೊಡುತ್ತಾರೆ. ಬಟ್ಟಲಿನಲ್ಲಿ ಕಪ್ಪು ಅಣಬೆ ಅರ್ಧ ಮುಳುಗಿರುತ್ತದೆ. ಅದನ್ನು ನೋಡಿ ಕವಿ ಗುವೋ ಮೋರುವೋ ಆ ಖಾದ್ಯಕ್ಕೆ ನದಿಯಲ್ಲಿ ಮುಳುಗಿದ ಅರ್ಧಚಂದ್ರ ಅಂತ ಹೆಸರಿಟ್ಟರು. ಅದನ್ನು ಕೇಳಿ ತರಿಸಿಕೊಳ್ಳಿ.

ಅನ್ನಪೂರ್ಣ_ಮೈಸೂರು
ಬೌದ್ಧ ಊಟದ ಮನೆಗಳಲ್ಲಿ ಒಂದು ವಿಷಯ ಅಮ್ಮನಿಗೆ ಮೊದಲೇ ಹೇಳಿಬಿಡಿ. ಸೋಯಾ, ಗೋಧಿ, ಒಂದು ಜಾತಿ ಗಡ್ಡೆಯಿಂದ ಮೀನು, ಸಿಗಡಿ, ಬಾತುಕೋಳಿಯ ಹಾಗೇ ಕಾಣುವ ಪದಾರ್ಥ ಮಾಡುತ್ತಾರೆ. ಮೀನಿನ ಚರ್ಮ ಕೂಡ ಹಾಗೇ ಕಾಣುತ್ತದೆ. ನಮ್ಮ ಅತ್ತೆ ತಟ್ಟೆ ನೋಡಿದ ಕೂಡಲೇ ಎದ್ದುಬಿಟ್ಟರು, ಎಷ್ಟು ಹೇಳಿದರೂ ಕೂರಲಿಲ್ಲ. ಅಣಬೆ, ತೋಫು, ಸೊಪ್ಪು, ಕೆಸುವಿನ ಗಡ್ಡೆ ಅಂತ ಕಣ್ಣಿಗೆ ಗುರುತು ಸಿಗುವಂಥದ್ದನ್ನೇ ಆರಿಸಿ.

ಬೇಳೆಸಾರು
ಇದಕ್ಕೇ ಹೇಳಿದ್ದು ನಾನು. ದೇವಸ್ಥಾನ ಒಂದು ದಿನ. ಮಿಕ್ಕ ದಿನ ಏನು ಮಾಡುತ್ತಾರೆ?

ನಿಧಾನ_ಪ್ರಯಾಣಿಕ
@ಬೇಳೆಸಾರು ಶಾಂಘೈಯಲ್ಲಿ ರೂಮಿನೊಳಗೆ ಉಪ್ಪಿಟ್ಟು ತಿಂದು ಬಂದರೆ ಆ ಊರಿನ ಊಟದ ಬಗ್ಗೆ ಏನು ಗೊತ್ತಾಗುತ್ತೆ ಹೇಳಿ. ಮನೆ ತಿಂಡಿ ತುರ್ತಿಗೆ ಇರಲಿ, ಬೇಡ ಅನ್ನುವುದಿಲ್ಲ. ಅದನ್ನೇ ಊಟ ಮಾಡಿಕೊಳ್ಳಬೇಡಿ ಅಂತ ನನ್ನ ಮಾತು. ಇನ್ನೊಂದು, ತುಪ್ಪ, ಬೆಣ್ಣೆ, ಮನೆಯ ಹಣ್ಣು, ಹಸಿ ತರಕಾರಿ ತಗೊಂಡು ಹೋಗಬೇಡಿ. ಹಾಲಿನ ಪದಾರ್ಥ, ಹಣ್ಣು, ತರಕಾರಿ ಪ್ರಯಾಣಿಕರು ತರುವಂತಿಲ್ಲ ಅಂತ ಚೀನಾ ಕಸ್ಟಮ್ಸ್ ನಿಯಮ ಇದೆ.

ಗುವಾಂಗ್‌ಝೌ_ಗೋಡೌನ್
ವ್ಯಾಪಾರಕ್ಕೆ ಅಂತ ಗುವಾಂಗ್‌ಝೌಗೆ ಹೋಗಿ ಬರುತ್ತಿರುತ್ತೇನೆ. ಸಸ್ಯಾಹಾರಿಗಳಿಗೆ ನಾನು ಕಂಡ ನಿಜವಾದ ಅಪಾಯ ದೇವಸ್ಥಾನದ ಹೊರಗೆ, ಸಾಮಾನ್ಯ ಹೋಟೆಲಿನಲ್ಲಿ. ಮಾಂಸ ಬೇಡ ಅಂತ ಹೇಳಿದರೆ ಅವರು ಮಾಂಸದ ತುಂಡು ಹಾಕುವುದಿಲ್ಲ, ಅಷ್ಟೇ. ಸೊಪ್ಪನ್ನು ಹಂದಿ ಕೊಬ್ಬಿನಲ್ಲೇ ಹುರಿಯುತ್ತಾರೆ. ರುಚಿಗೆ ಕೋಳಿಯ ಪುಡಿ, ಓಯ್ಸ್ಟರ್ ಸಾಸ್ (ಕಡಲ ಚಿಪ್ಪಿಯದ್ದು), ಒಣ ಸಿಗಡಿ ಬೀಳುತ್ತೆ. ಶಿಯಾಮೆನ್, ಚುವಾನ್‌ಝೌ ಇರುವ ಫುಜಿಯಾನ್ ಪ್ರಾಂತ್ಯದ ಕಡೆ ಮೀನಿನ ಉಪ್ಪುನೀರು ಕೂಡ.

ಹಾಗಾಗಿ ಮಾಂಸ ಬೇಡ ಅನ್ನಬೇಡಿ. "ವೋ ಚಿ ಸು" ಅನ್ನಿ, ನಾನು ಸಸ್ಯಾಹಾರ ವ್ರತದವನು ಅಂತ ಅರ್ಥ ಆಗುತ್ತೆ. ಅದರ ಜೊತೆ ಒಂದು ಚೀಟಿ ಚೀನೀ ಅಕ್ಷರದಲ್ಲಿ ಬರೆಸಿ ಇಟ್ಟುಕೊಳ್ಳಿ. ಹಂದಿ ಕೊಬ್ಬು, ಕೋಳಿ ಪುಡಿ, ಓಯ್ಸ್ಟರ್ ಸಾಸ್, ಒಣ ಸಿಗಡಿ, ಮೀನಿನ ಸಾಸ್, ಮೊಟ್ಟೆ, ಒಂದೂ ಬೇಡ, ಅಡುಗೆ ಎಣ್ಣೆಯಲ್ಲಿ ಮಾಡಿ ಅಂತ. ಚೀಟಿ ಬಾಣಸಿಗನ ಕೈಗೇ ಹೋಗಬೇಕು. ಆರ್ಡರ್ ತಗೊಳ್ಳುವ ಹುಡುಗ ಓದಿ ತಲೆ ಆಡಿಸಿದರೆ ಸಾಲದು.

ಹುಬ್ಬಳ್ಳಿ_ಮಿರ್ಚಿ
ಚೀಟಿ ಐಡಿಯಾ ಭಾರಿ ಚಲೋ ಐತ್ರಿ. ಜೊತೆಗೆ ಮೆನುವಿನಲ್ಲಿ ತರಕಾರಿ ಅಂತ ಕಾಣುವ ಈ ಮೂರರಿಂದ ದೂರ ಇರಿ: ಒಣಗಿಸಿ ಹುರಿದ ಬೀನ್ಸ್, ಮಾಪೋ ತೋಫು, ಖಾರ ಬದನೆಕಾಯಿ. ಮೂರರಲ್ಲೂ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತದೆ. ಹುಳಿ ಹಾಕಿ ಹುರಿದ ಆಲೂಗಡ್ಡೆ ಎಳೆ ಎಲ್ಲ ಕಡೆ ಸಿಗುತ್ತದೆ, ಅಮ್ಮನಿಗೆ ಹಿಡಿಸುತ್ತದೆ. ಎಣ್ಣೆ ಯಾವುದು ಅಂತ ಮಾತ್ರ ಕೇಳಿ.

ಮರವಂತೆ_ಅಲೆ
ಅಪ್ಪನಿಗೆ ಶಿಯಾಮೆನ್‌ನಲ್ಲಿ ಶಾಚಾ ನೂಡಲ್ಸ್ ತಿನ್ನಿಸಿ. ಕಡಲೆಕಾಯಿ ಹಾಕಿದ ಕೆಂಪು ಸಾರು, ಮೇಲೆ ನಮಗೆ ಬೇಕಾದ ಸಿಗಡಿ, ಬೊಂಡಾಸ್ (ಸ್ಕ್ವಿಡ್) ಹಾಕಿಸಿಕೊಳ್ಳಬಹುದು. ನಮ್ಮ ಕಡೆಯವರ ನಾಲಿಗೆಗೆ ಹತ್ತಿರ.

ದ್ವೀಪದ_ದಾರಿ
@ಮರವಂತೆ_ಅಲೆ ಇಲ್ಲ ಅಣ್ಣ, ಅವರ ಅಪ್ಪನಿಗೆ ಅದು ಆಗುವುದಿಲ್ಲ. ಮೇಲೆ ಸಿಗಡಿ ಹಾಕಿಸಿಕೊಂಡರೂ ಕೆಳಗಿನ ಸಾರು ಸಾಮಾನ್ಯವಾಗಿ ಹಂದಿ ಮೂಳೆಯದ್ದು. ಮಗ ಒಬ್ಬನೇ ತಿನ್ನಲಿ, ಬಿಡಬಾರದ ರುಚಿ ಅದು. ಆಗ್ನೇಯ ಏಷ್ಯಾಕ್ಕೆ ದುಡಿಯಲು ಹೋದ ಫುಜಿಯಾನ್, ಚಾವೋಝೌ ಕಡೆಯ ಜನ ಅಲ್ಲಿಯ ಸಾಟೆ ಮಸಾಲೆಯನ್ನು ಊರಿಗೆ ತಂದು ಹೀಗೆ ಮಾಡಿಕೊಂಡರು. ಒಣ ಮೀನು, ಒಣ ಸಿಗಡಿ, ಕಡಲೆಕಾಯಿ, ಬೆಳ್ಳುಳ್ಳಿ ಎಲ್ಲ ಇದೆ. ಕಡಲೆಕಾಯಿ ಅಲರ್ಜಿ ಇರುವವರು ಹತ್ತಿರ ಹೋಗಬೇಡಿ.

ಇನ್ನೊಂದು ಎಚ್ಚರಿಕೆ, ಇದು ಅಮ್ಮನಿಗೆ. ಬೀದಿಯಲ್ಲಿ ಸಣ್ಣ ಬಟ್ಟಲಿನಲ್ಲಿ ಪಾರದರ್ಶಕ ಜೆಲ್ಲಿ ಮಾರುತ್ತಾರೆ. ಫೋನಿನ ಅನುವಾದದಲ್ಲಿ ಬಿದಿರಿನ ಕಳಲೆ ಜೆಲ್ಲಿ ಅಂತ ಬರಬಹುದು. ಅದರಲ್ಲಿ ಕಳಲೆ ಇಲ್ಲ, ಸಮುದ್ರದಂಡೆಯ ಮರಳಿನಲ್ಲಿ ಸಿಗುವ ಹುಳು ಇದೆ. ಹುಳುವನ್ನು ಬೇಯಿಸಿದ ನೀರೇ ತಣಿದು ಜೆಲ್ಲಿಯಾಗುತ್ತದೆ. ಅಲ್ಲಿಯವರಿಗೆ ಪ್ರಾಣ. ಮಲೆನಾಡಿನವರು ಕಳಲೆ ಅಂದ ಕೂಡಲೇ ಕೈ ಹಾಕುತ್ತಾರೆ ಅಂತ ಹೇಳುತ್ತಿದ್ದೇನೆ.

ಕೋಡಿ_ಕಡಲು
ಅಯ್ಯೋ, ಇದನ್ನು ಹೇಳಿದ್ದು ಒಳ್ಳೇದಾಯ್ತು. ಅಮ್ಮ ಖಂಡಿತ ತಗೊಳ್ಳುತ್ತಿದ್ದರು. ದಿನಾಂಕ ತಿಂಗಳ ಮಧ್ಯಕ್ಕೆ ಹಾಕುತ್ತೇವೆ. ಅಪ್ಪ ಕೇಳುತ್ತಿದ್ದಾರೆ, ಮೀನು ತಾಜಾ ಸಿಗುವ ಕಾಲ ಅದೇನಾ ಅಂತ.

ಕಾರವಾರದ_ಬೋಟು
ಅಪ್ಪನ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಬಂದ್ ಇರುತ್ತದಲ್ಲ, ಚೀನಾದಲ್ಲಿ ಅದು ಇನ್ನೂ ಉದ್ದ. ದಕ್ಷಿಣ ಫುಜಿಯಾನ್, ಮತ್ತೆ ಚಾವೋಝೌ, ಗುವಾಂಗ್‌ಝೌ ಇರುವ ಗುವಾಂಗ್‌ಡಾಂಗ್ ಪ್ರಾಂತ್ಯದ ಕಡಲಲ್ಲಿ ಮೇ 1ರಿಂದ ಆಗಸ್ಟ್ 16ರವರೆಗೆ. ಆ ಸಮಯದಲ್ಲಿ ಹೋದವರಿಗೆ ಸಿಗುವುದು ಜಾಸ್ತಿ ಸಾಕಿದ ಮೀನು, ಇಲ್ಲದಿದ್ದರೆ ಐಸಿನದ್ದು. ಅಕ್ಟೋಬರ್ ಅಂದರೆ ಬೋಟು ಇಳಿದು ಎರಡು ತಿಂಗಳಾಗಿರುತ್ತದೆ, ಮಾರ್ಕೆಟ್ ತುಂಬಿರುತ್ತದೆ. ಏಡಿಯೂ ಆಗ ತುಂಬಿಕೊಂಡಿರುತ್ತದೆ.

ಅಪ್ಪನಿಗೆ ಅಲ್ಲಿ ಹಳೆ ಪರಿಚಯದ ಮೀನುಗಳೇ ಕಾಣುತ್ತವೆ. ಮಾಂಜಿ (ಪಾಂಫ್ರೆಟ್) ಇದೆ, ಪಾಂಬೋಲ್ (ರಿಬ್ಬನ್ ಫಿಶ್) ರಾಶಿ ರಾಶಿ ಇದೆ. ನಮ್ಮ ಪಶ್ಚಿಮ ಕರಾವಳಿಯ ಪಾಂಬೋಲ್ ದೊಡ್ಡ ಮಟ್ಟದಲ್ಲಿ ಹೋಗುವುದು ಚೀನಾಕ್ಕೇ. ಇಲ್ಲಿ ಅಷ್ಟಾಗಿ ಬೆಲೆ ಇಲ್ಲದ ಮೀನು, ಅಲ್ಲಿ ಮನೆಮನೆಯ ಅಡುಗೆ.

ಮರವಂತೆ_ಅಲೆ
ಪಾಂಬೋಲ್‌ಗೆ ಬೆಲೆ ಇಲ್ಲ ಅಂದವರು ಯಾರು ಮಾರಾಯ್ರೆ? ಕರಿದರೆ ಬಂಗುಡೆಗಿಂತ ರುಚಿ.

ಕಾರವಾರದ_ಬೋಟು
ನಮ್ಮ ಕಡೆ ಮಾರ್ಕೆಟ್ ರೇಟು ಹೇಳಿದೆ, ರುಚಿ ಅಲ್ಲ.

ದ್ವೀಪದ_ದಾರಿ
ಅಪ್ಪನನ್ನು ಶಿಯಾಮೆನ್‌ನ ಎಂಟನೇ ಮಾರ್ಕೆಟ್‌ಗೆ ಬೆಳಿಗ್ಗೆ ಬೇಗ ಕರೆದುಕೊಂಡು ಹೋಗಿ. ಸ್ಥಳೀಯರು ಬಾಶಿ ಅನ್ನುತ್ತಾರೆ. ಹಳೆ ಊರಿನ ಇಕ್ಕಟ್ಟು ಗಲ್ಲಿ, ಎರಡೂ ಕಡೆ ನೀರು ತುಂಬಿದ ತಟ್ಟೆ, ಅದರಲ್ಲಿ ಗಾಳಿಯ ಪೈಪು ಗುಳುಗುಳು ಅನ್ನುತ್ತಿರುತ್ತದೆ. ಏಡಿಗೆ ಹುರಿ ಕಟ್ಟಿ ಸಾಲಾಗಿ ಜೋಡಿಸಿರುತ್ತಾರೆ. ಹೆಂಗಸರು ತಗ್ಗು ಸ್ಟೂಲಿನ ಮೇಲೆ ಕೂತು ಓಯ್ಸ್ಟರ್ ಚಿಪ್ಪು ಬಿಡಿಸುತ್ತಿರುತ್ತಾರೆ. ಒಂದು ಚಿಕ್ಕ ಕಬ್ಬಿಣದ ಮೊನೆ, ಒಂದು ತಿರುವು, ಬೆರಳ ತುದಿಯಷ್ಟು ಮಾಂಸ ಬಟ್ಟಲಿಗೆ. ಕೈ ನಿಲ್ಲುವುದೇ ಇಲ್ಲ. ನೋಡುತ್ತಾ ನಿಂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಅಲ್ಲೇ ಮೀನು ಕೊಂಡು ಪಕ್ಕದ ಅಡುಗೆ ಅಂಗಡಿಗೆ ಕೊಟ್ಟರೆ ಕೂಲಿ ತಗೊಂಡು ಬೇಯಿಸಿಕೊಡುತ್ತಾರೆ. ಮೀನನ್ನು ಹಬೆಯಲ್ಲಿ ಬೇಯಿಸಿ, ಶುಂಠಿ, ಈರುಳ್ಳಿ ಸೊಪ್ಪು, ಸೋಯಾ ಸಾಸ್ ಹಾಕಿ, ಮೇಲೆ ಕಾದ ಎಣ್ಣೆ ಸುರಿಯುತ್ತಾರೆ. ಹಂದಿ, ದನದ ಸುಳಿವಿಲ್ಲ. ಮಸಾಲೆ ಇಲ್ಲ, ಹುಳಿ ಇಲ್ಲ, ಖಾರ ಇಲ್ಲ. ಮೊದಲ ದಿನ ಸಪ್ಪೆ ಅನ್ನಿಸಬಹುದು. ಉಪ್ಪಿನಕಾಯಿ ಬಾಟಲಿ ತೆಗೆಯದೆ ಒಮ್ಮೆ ತಿಂದು ನೋಡಲಿ ಅಂತ ನನ್ನ ಕೋರಿಕೆ.

ಗುವಾಂಗ್‌ಝೌ_ಗೋಡೌನ್
ರೇಟು ಕೇಳದೆ ಏನನ್ನೂ ತೂಕಕ್ಕೆ ಹಾಕಿಸಬೇಡಿ. ಬೋರ್ಡಿನಲ್ಲಿ ಬರೆದಿರುವುದು ಕೇಜಿಗೆ ಅಲ್ಲ, ಜಿನ್‌ಗೆ. ಒಂದು ಜಿನ್ ಅಂದರೆ 500 ಗ್ರಾಂ. ಮೆನುವಿನಲ್ಲಿ ರೇಟಿನ ಜಾಗದಲ್ಲಿ ಅವತ್ತಿನ ಬೆಲೆ ಅಂತ ಬರೆದಿದ್ದರೆ ಮೊದಲು ಕ್ಯಾಲ್ಕುಲೇಟರ್ ಮುಂದಿಟ್ಟು ಒತ್ತಿಸಿ. ಏಡಿಗೆ ಕಟ್ಟಿದ ಹುರಿ ಒದ್ದೆಯಾಗಿ ದಪ್ಪ ಇದ್ದರೆ ಅದರ ತೂಕಕ್ಕೂ ದುಡ್ಡು ಕೊಡುತ್ತೀರಿ. ಪ್ರವಾಸಿಗರ ಬೀದಿಯ ಒಂದು ಹೋಟೆಲಿನಲ್ಲಿ ನನ್ನ ಗೆಳೆಯರಿಗೆ ಒಂದು ಮೀನಿಗೆ ಹಾಕಿದ ಬಿಲ್ಲಿನಲ್ಲಿ ಮೂರು ಜನ ಹೊಟ್ಟೆ ತುಂಬ ಉಣ್ಣಬಹುದಿತ್ತು.

ಅನ್ನಪೂರ್ಣ_ಮೈಸೂರು
ಗುಲಾಂಗ್ಯುವಿನಲ್ಲೂ ಅಷ್ಟೇ. 2017ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ದ್ವೀಪ, ಕಾರು ಇಲ್ಲ, ಹಳೆ ಬಂಗಲೆಗಳು, ಸುತ್ತಾಡಲು ಬಹಳ ಚೆಂದ. ಊಟಕ್ಕೆ ಮಾತ್ರ ಈಚೆ ದಡಕ್ಕೆ ಬನ್ನಿ.

ಬೇಳೆಸಾರು
ಹಲಾಲ್ ಹೋಟೆಲ್ ಬಗ್ಗೆ ಯಾರೂ ಹೇಳಲಿಲ್ಲ. ಹಸಿರು ಬೋರ್ಡಿನ ಲಾನ್‌ಝೌ ನೂಡಲ್ಸ್ ಅಂಗಡಿ ಎಲ್ಲ ಊರಲ್ಲೂ ಇದೆ. ಹಂದಿಯೂ ಇಲ್ಲ, ಹಂದಿ ಕೊಬ್ಬೂ ಇಲ್ಲ. ಅಪ್ಪನಿಗೆ ಅದು ಸುಲಭ.

ನಿಧಾನ_ಪ್ರಯಾಣಿಕ
ಹಂದಿ ಇಲ್ಲ ನಿಜ. ಅಲ್ಲಿಯ ಸಾರೇ ದನದ್ದು ಸರ್. ಅವರು ದನ ಬೇಡ ಅಂತಲೂ ಹೇಳಿದ್ದಾರೆ.

ಬೇಳೆಸಾರು
ಸಾರು ಇಲ್ಲದ ಟೊಮೆಟೊ ಮೊಟ್ಟೆ ನೂಡಲ್ಸ್ ಇದೆ ಅಲ್ಲಿ. ಅದನ್ನು ಹೇಳಿದ್ದು.

ನಿಧಾನ_ಪ್ರಯಾಣಿಕ
ಅದಾದರೆ ಸರಿ. ನಡುರಾತ್ರಿ ಇಳಿದಾಗ ಅದು ದೊಡ್ಡ ಆಸರೆ. ಆ ಅಂಗಡಿಗಳಲ್ಲಿ ಬಹಳಷ್ಟು ನಡೆಸುವವರು ಚಿಂಗ್‌ಹಾಯ್ ಪ್ರಾಂತ್ಯದ ಹುವಾಲಾಂಗ್ ಕಡೆಯ ಮುಸ್ಲಿಂ ಕುಟುಂಬಗಳು. ಸಾವಿರಾರು ಕಿಲೋಮೀಟರ್ ದೂರದಿಂದ ಬಂದು ಕಡಲೂರಿನಲ್ಲಿ ನೂಡಲ್ಸ್ ಎಳೆಯುತ್ತಾರೆ. ನಮ್ಮ ಉಡುಪಿ ಹೋಟೆಲಿನವರ ಹಾಗೆ ದೇಶ ತುಂಬ ಹರಡಿದ್ದಾರೆ.

ಇತಿಹಾಸ_ಪ್ರಿಯೆ
ಚುವಾನ್‌ಝೌಗೆ ಹೋಗುವವರು ಊಟದ ಗಡಿಬಿಡಿಯಲ್ಲಿ ಕೈಯುವಾನ್ ದೇವಸ್ಥಾನದ ಮುಖ್ಯ ಮಂಟಪದ ಹಿಂಭಾಗ ನೋಡದೆ ಬರಬೇಡಿ. ಅಲ್ಲಿ ಎರಡು ಕಲ್ಲಿನ ಕಂಬಗಳ ಮೇಲೆ ನರಸಿಂಹ, ಕೃಷ್ಣನ ಉಬ್ಬುಶಿಲ್ಪ ಇವೆ. ಹದಿಮೂರನೇ ಶತಮಾನದಲ್ಲಿ ಆ ಬಂದರಿನಲ್ಲಿ ತಮಿಳು ವ್ಯಾಪಾರಿಗಳಿದ್ದರು, ಶಿವ ದೇವಾಲಯ ಕಟ್ಟಿದ್ದರು. 1281ರ ತಮಿಳು ಶಾಸನ ಸಿಕ್ಕಿದೆ. ಆ ದೇವಾಲಯ ಹಾಳಾದ ಮೇಲೆ ಅದರ ಕಂಬಗಳು ಈ ಬೌದ್ಧ ಮಂದಿರಕ್ಕೆ ಬಂದವು. ಅಲ್ಲಿಂದ ಸ್ವಲ್ಪ ದೂರದಲ್ಲಿ 1009ರಲ್ಲಿ ಕಟ್ಟಿದ ಮಸೀದಿ ಇದೆ. 2021ರಲ್ಲಿ ಊರಿನ ಈ ಹಳೆಯ ಜಾಗಗಳೆಲ್ಲ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಿಮ್ಮ ಅಮ್ಮನಿಗೆ ನರಸಿಂಹನನ್ನು ಅಲ್ಲಿ ನೋಡಿ ಎಷ್ಟು ಖುಷಿಯಾಗುತ್ತದೋ!

ಹುಬ್ಬಳ್ಳಿ_ಮಿರ್ಚಿ
ಊಟ ಬಿಟ್ಟು ಇತಿಹಾಸಕ್ಕೆ ಹೋಯ್ತಲ್ರೀ. ಚುವಾನ್‌ಝೌನಲ್ಲಿ ತಿನ್ನೋದು ಏನು?

ಇತಿಹಾಸ_ಪ್ರಿಯೆ
ಹೇಳುತ್ತೇನೆ. ದೇವಸ್ಥಾನದ ಪಕ್ಕದ ಪಶ್ಚಿಮ ಬೀದಿ ಪೂರ್ತಿ ತಿಂಡಿ ಅಂಗಡಿ. ಊರಿನ ಬೆಳಗಿನ ತಿಂಡಿ ಅಂದರೆ ಕೂದಲಿನಷ್ಟು ಸಣ್ಣ ಶಾವಿಗೆಯನ್ನು ಮಂದ ಸಾರಿನಲ್ಲಿ ಕರಗಿಸಿದಂಥ ಒಂದು ಬಿಸಿ ಬಟ್ಟಲು. ಅದರ ಸಾರು ಹಂದಿ ಮೂಳೆ, ಸಿಗಡಿಯದ್ದು. ಮೇಲೆ ಹಾಕಿಸಿಕೊಳ್ಳುವುದೂ ಹೆಚ್ಚಾಗಿ ಹಂದಿಯದ್ದೇ. ಮಗನಿಗೆ ಮಾತ್ರ. ಎಳ್ಳೆಣ್ಣೆಯಲ್ಲಿ ಶುಂಠಿ ರಾಶಿ ಹಾಕಿ ಮಣ್ಣಿನ ಮಡಕೆಯಲ್ಲಿ ಬೇಯಿಸಿದ ಬಾತುಕೋಳಿ ಈ ಭಾಗದ ವಿಶೇಷ. ಕೋಳಿ ತಿನ್ನುವ ಅಪ್ಪನಿಗೆ ಅದು ಆಗಬಹುದು. ಬೀದಿಯ ಹಿಂದಿನಿಂದಲೇ ಶುಂಠಿ ವಾಸನೆ ಬರುತ್ತದೆ.

ಸಮಯ ಇದ್ದರೆ ಶುನ್‌ಪು ಅನ್ನುವ ಮೀನುಗಾರರ ಹಳ್ಳಿಗೆ ಹೋಗಿ. ಓಯ್ಸ್ಟರ್ ಚಿಪ್ಪನ್ನೇ ಗೋಡೆಗೆ ಜೋಡಿಸಿ ಕಟ್ಟಿದ ಮನೆಗಳು. ಹೆಂಗಸರು ಮುಡಿಯ ಸುತ್ತ ಹೂವಿನ ದಂಡೆ ಮುಡಿಯುತ್ತಾರೆ.

ಟೀಪುಡಿ
ಓಯ್ಸ್ಟರ್ ಬಂತಲ್ಲ, ಓಯ್ಸ್ಟರ್ ಆಮ್ಲೆಟ್ ಮರೆತೇಬಿಟ್ಟಿರಾ? ಗೆಣಸಿನ ಹಿಟ್ಟು, ಮೊಟ್ಟೆ, ಸಣ್ಣ ಓಯ್ಸ್ಟರ್. ಅಂಚು ಗರಿಗರಿ, ನಡುವೆ ಮೆತ್ತಗೆ.

ಗುವಾಂಗ್‌ಝೌ_ಗೋಡೌನ್
ಹಳೆ ಪದ್ಧತಿಯವರು ಅದನ್ನು ಹಂದಿ ಕೊಬ್ಬಿನಲ್ಲೇ ಕರಿಯುತ್ತಾರೆ, ಚಾವೋಝೌನಲ್ಲಂತೂ ಹಾಗೇ. ಅಪ್ಪನಿಗಾದರೆ ಎಣ್ಣೆಯಲ್ಲಿ ಮಾಡಿಕೊಡಿ ಅನ್ನಿ. ಬಾಣಲೆ ಕಣ್ಣೆದುರೇ ಇರುತ್ತದೆ, ನೋಡಿ ಹೇಳಬಹುದು.

ಗಂಜಿ_ಉಪ್ಪಿನಕಾಯಿ
ನಾನು ಮಂಗಳೂರಿನವಳು, ಗಂಡನ ಕೆಲಸದಿಂದಾಗಿ ಶಾಂತೋದಲ್ಲಿ ಕೆಲವು ವರ್ಷ ಇದ್ದೆ. ಶಾಂತೋ, ಚಾವೋಝೌ ಅಕ್ಕಪಕ್ಕದ ಊರು. ಮೂವರೂ ಒಂದೇ ಮೇಜಿನಲ್ಲಿ ಉಣ್ಣಬೇಕು ಅಂತ ಕೇಳಿದ್ದೀರಲ್ಲ, ಉತ್ತರ ಇಲ್ಲಿದೆ: ಚಾವೋಝೌನ ಗಂಜಿ ಅಂಗಡಿ.

ಉಳಿದ ಕಡೆ ಚೀನಾದ ಗಂಜಿ ಕರಗಿ ಅಂಬಲಿಯಾಗಿರುತ್ತದೆ. ಇಲ್ಲಿ ಅಕ್ಕಿ ಕಾಳು ಕಾಳಾಗಿ ನಿಂತಿರುತ್ತದೆ, ಮೇಲೆ ತಿಳಿ. ಬರೀ ಅಕ್ಕಿ, ನೀರು. ಅಮ್ಮ ಧೈರ್ಯವಾಗಿ ತಿನ್ನಬಹುದು. ಅಂಗಡಿಯ ಮುಂದೆ ಉದ್ದಕ್ಕೆ ತಟ್ಟೆಗಳು ಜೋಡಿಸಿರುತ್ತಾರೆ, ಬೆರಳು ತೋರಿಸಿದರೆ ಸಾಕು, ಭಾಷೆ ಬೇಕಿಲ್ಲ. ಅಮ್ಮನಿಗೆ ಉಪ್ಪು ಹಾಕಿ ಒಣಗಿಸಿದ ಮೂಲಂಗಿ, ಸಾಸಿವೆ ಸೊಪ್ಪನ್ನು ಆಲಿವ್ ಜೊತೆ ಬೇಯಿಸಿ ಕಪ್ಪಗೆ ಮಾಡಿದ್ದು, ಹುರಿದ ಕಡಲೆಕಾಯಿ, ಹುದುಗಿಸಿದ ತೋಫು. ಸೊಪ್ಪು ಹುರಿದದ್ದಾದರೆ ಎಣ್ಣೆ ಯಾವುದು ಅಂತ ಕೇಳಿ, ಇಲ್ಲೂ ಹಂದಿ ಕೊಬ್ಬು ಜಾಸ್ತಿ.

ಅಪ್ಪನಿಗೆ ಇಲ್ಲಿಯ ಮೀನು. ಇಡೀ ಮೀನುಗಳನ್ನು ಬಿದಿರ ಬುಟ್ಟಿಯಲ್ಲಿ ಒಂದರ ಪಕ್ಕ ಒಂದು ಜೋಡಿಸಿ, ಉಪ್ಪುನೀರಿನಲ್ಲಿ ಬುಟ್ಟಿ ಸಮೇತ ಬೇಯಿಸಿ, ಆರಲು ಬಿಡುತ್ತಾರೆ. ತಣ್ಣಗೇ ಕೊಡುತ್ತಾರೆ. ಚರ್ಮ ಬೆರಳಲ್ಲಿ ಎಳೆದರೆ ಬಿಡಿಸಿಕೊಳ್ಳುತ್ತದೆ, ಒಳಗೆ ಬಿಳಿ ಮಾಂಸ ಪದರ ಪದರ. ಪುನಿಂಗ್ ಊರಿನ ಹಳದಿ ಸೋಯಾ ಗೊಜ್ಜಿಗೆ ಅದ್ದಿ ತಿನ್ನಬೇಕು. ಹಿಂದೆ ದೋಣಿಯಲ್ಲಿ ಹೋದ ಮೀನುಗಾರರು ಮೀನು ಕೆಡದಿರಲಿ ಅಂತ ಕಂಡುಕೊಂಡ ಅಡುಗೆ ಇದು. ನನ್ನ ಮಟ್ಟಿಗೆ ಚೀನಾದ ಕರಾವಳಿಯಲ್ಲೆಲ್ಲ ಇದೇ ಒಳ್ಳೆಯ ಊಟ.

ಕೋಡಿ_ಕಡಲು
ಅಕ್ಕ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಗುವಾಂಗ್‌ಝೌನಲ್ಲಿ ಒಂದು ದಿನ ಕಮ್ಮಿ ಮಾಡಿ ಚಾವೋಝೌಗೆ ಕೊಡು ಅಂತಿದ್ದಾರೆ.

ಮರವಂತೆ_ಅಲೆ
ಅದೇ ಗಂಜಿ ಅಂಗಡಿಯಲ್ಲಿ ಹಸಿ ಏಡಿಯನ್ನು ಸೋಯಾ, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿಯಲ್ಲಿ ನೆನೆಸಿ ಇಟ್ಟಿರುತ್ತಾರೆ. ಮಾಂಸ ಜೆಲ್ಲಿಯ ಹಾಗೆ ಇರುತ್ತೆ. ತಿನ್ನದೆ ಬರಬೇಡಿ.

ಔಷಧಿ_ಚೀಟಿ
ನಾನು ವೈದ್ಯೆ. ದಯವಿಟ್ಟು ಅದನ್ನು ಅಪ್ಪನಿಗೆ ಕೊಡಬೇಡಿ. ಸೋಯಾ ಸಾಸ್, ಬೆಳ್ಳುಳ್ಳಿ, ಮದ್ಯ ಯಾವುದೂ ಹಸಿ ಏಡಿ, ಚಿಪ್ಪಿಯೊಳಗಿನ ಬ್ಯಾಕ್ಟೀರಿಯಾ, ವೈರಸ್ಸನ್ನು ಪೂರ್ತಿ ಕೊಲ್ಲುವುದಿಲ್ಲ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇದ್ದವರಿಗೆ ಸಮುದ್ರದ ವಿಬ್ರಿಯೋ ಬ್ಯಾಕ್ಟೀರಿಯಾದ ಸೋಂಕು ಪ್ರಾಣಕ್ಕೇ ಬರಬಹುದು.

ಮರವಂತೆ_ಅಲೆ
ಡಾಕ್ಟ್ರೇ, ಅಲ್ಲಿಯ ಜನ ತಲೆತಲಾಂತರದಿಂದ ತಿನ್ನುತ್ತಿದ್ದಾರೆ. ಎಲ್ಲರೂ ಆರಾಮಾಗಿಲ್ವಾ?

ಔಷಧಿ_ಚೀಟಿ
ಎಲ್ಲ ಸಲವೂ ಆರಾಮಾಗಿರಲಿಲ್ಲ. 1988ರಲ್ಲಿ ಶಾಂಘೈಯಲ್ಲಿ ಅರೆಬೆಂದ ಒಂದು ಜಾತಿ ಚಿಪ್ಪಿ ತಿಂದು ಸುಮಾರು 3 ಲಕ್ಷ ಜನಕ್ಕೆ ಹೆಪಟೈಟಿಸ್ ಎ, ಅಂದರೆ ಲಿವರ್‌ನ ವೈರಸ್ ಸೋಂಕು, ಬಂತು. ಚಿಪ್ಪಿಯನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು ತಿನ್ನುವುದು ಅಲ್ಲಿಯೂ ಹಳೆ ಅಭ್ಯಾಸವೇ ಆಗಿತ್ತು. ಆಮೇಲೆ ಶಾಂಘೈ ಆ ಚಿಪ್ಪಿಯ ಮಾರಾಟವನ್ನೇ ನಿಷೇಧಿಸಿತು. ಚಾವೋಝೌ ಕಡೆಯೂ ರಕ್ತ ಸೋರುವ ಹಾಗೆ ಅರೆಬೇಯಿಸಿದ ಚಿಪ್ಪಿ ಕೊಡುತ್ತಾರೆ. ಯುವಕರು ತಿನ್ನುತ್ತೇವೆ ಅಂದರೆ ಅದು ನಿಮ್ಮ ಇಷ್ಟ. ವಯಸ್ಸಾದವರಿಗೆ, ಪರದೇಶದಲ್ಲಿ, ನನ್ನ ಸಲಹೆ ಸ್ಪಷ್ಟ: ಬೆಂದದ್ದನ್ನೇ ಕೊಡಿ.

ಗಂಜಿ_ಉಪ್ಪಿನಕಾಯಿ
ಡಾಕ್ಟರ್ ಮಾತಿಗೆ ನನ್ನದೂ ಮತ. ಬೆಂದದ್ದರಲ್ಲೇ ಅಷ್ಟು ರುಚಿ ಇರುವಾಗ ಹಸಿ ಯಾಕೆ? ತಣ್ಣಗಿನ ಏಡಿಯೇ ಬೇಕಿದ್ದರೆ ಹಬೆಯಲ್ಲಿ ಬೇಯಿಸಿ ಆರಿಸಿದ ಏಡಿ ಅಲ್ಲೇ ಸಿಗುತ್ತದೆ, ಅದನ್ನು ಕೇಳಿ.

ಬಸವನಗುಡಿ_ಬೈಟು
ಗೋಬಿ ಮಂಚೂರಿ ಸಿಗುತ್ತಾ ಅಲ್ಲಿ? ನನ್ನ ಮಗ ಕೇಳ್ತಿದ್ದಾನೆ.

ನಿಧಾನ_ಪ್ರಯಾಣಿಕ
ಇಲ್ಲ. ಮಂಚೂರಿ ಭಾರತದಲ್ಲಿ ಹುಟ್ಟಿದ ಅಡುಗೆ. ಅಲ್ಲಿ ಹೂಕೋಸನ್ನು ಒಣಮೆಣಸು ಹಾಕಿ ಹುರಿದು ಸಣ್ಣ ಉರಿಯ ಮೇಲಿಟ್ಟು ಕೊಡುತ್ತಾರೆ, ಬಹಳ ಚೆನ್ನಾಗಿರುತ್ತೆ. ಹಂದಿ ತುಂಡು ಹಾಕುತ್ತಾರೆ, ಬೇಡ ಅಂತ ಹೇಳಬೇಕು.

ಟೀಪುಡಿ
ಚಾವೋಝೌಗೆ ಹೋಗಿ ಟೀ ಬಗ್ಗೆ ಯಾರೂ ಮಾತಾಡದಿದ್ದರೆ ಹೇಗೆ? ಅಲ್ಲಿ ಅಂಗಡಿ ಬಾಗಿಲಲ್ಲೇ ಟೀ ತಟ್ಟೆ ಇಟ್ಟುಕೊಂಡು ಕೂತಿರುತ್ತಾರೆ. ಚಿಕ್ಕ ಪಾತ್ರೆ ತುಂಬ ಎಲೆ, ಕುದಿನೀರು, ಮೂರೇ ಪುಟ್ಟ ಬಟ್ಟಲು. ಎಷ್ಟು ಜನ ಬಂದರೂ ಮೂರೇ, ಸರದಿಯಲ್ಲಿ ಕುಡಿಯುವುದು. ಎಲೆ ಹತ್ತಿರದ ಫೀನಿಕ್ಸ್ ಬೆಟ್ಟದ ದಾನ್‌ಚೊಂಗ್. ಹಾಲಿಲ್ಲ, ಸಕ್ಕರೆ ಇಲ್ಲ. 2022ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಚೀನಾದ ಟೀ ಪದ್ಧತಿಗಳಲ್ಲಿ ಇದೂ ಒಂದು. ಕರೆದರೆ ಕೂತುಕೊಳ್ಳಿ, ಸಂಕೋಚ ಬೇಡ. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ, ಕಡು ಇರುತ್ತೆ, ತಲೆ ತಿರುಗುತ್ತೆ.

ಅನ್ನಪೂರ್ಣ_ಮೈಸೂರು
ಕಾಫಿ?

ಟೀಪುಡಿ
ಫಿಲ್ಟರ್ ಡಿಕಾಕ್ಷನ್ ಮನೆಯಿಂದ. ಹಾಲು ಅಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಕೋಡಿ_ಕಡಲು
ದುಡ್ಡು ಕೊಡುವುದು ಹೇಗೆ? ಫೋನಿಲ್ಲದೆ ಊಟವೇ ಸಿಗುವುದಿಲ್ಲ ಅಂತಾರಲ್ಲ?

ಗುವಾಂಗ್‌ಝೌ_ಗೋಡೌನ್
ಮೇಜಿನ ಮೇಲೆ ಕೋಡ್ ಅಂಟಿಸಿರುತ್ತಾರೆ, ಸ್ಕ್ಯಾನ್ ಮಾಡಿದರೆ ಮೆನು, ಅಲ್ಲೇ ಆರ್ಡರ್, ಅಲ್ಲೇ ಪಾವತಿ. ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ. ಇಲ್ಲಿಂದ ಹೊರಡುವ ಮೊದಲೇ ಅಲಿಪೇ ಅನ್ನುವ ಅಲ್ಲಿಯ ಪಾವತಿ ಆ್ಯಪ್ ಹಾಕಿಕೊಂಡು ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಿ. ಬ್ಯಾಂಕಿನಲ್ಲಿ ಅಂತರರಾಷ್ಟ್ರೀಯ ಬಳಕೆ ತೆರೆದಿದೆಯಾ ನೋಡಿ. 200 ಯುವಾನ್ ಒಳಗಿನ ಬಿಲ್ಲಿಗೆ ಶುಲ್ಕ ಇಲ್ಲ, ಮೇಲಾದರೆ 3 ಶೇಕಡಾ. ಸ್ವಲ್ಪ ಚಿಲ್ಲರೆ ನೋಟು ಕೈಯಲ್ಲಿರಲಿ. ಮೆನುವಿನ ಸ್ಕ್ರೀನ್‌ಶಾಟ್ ತೆಗೆದು ಅನುವಾದ ಮಾಡಿ. ಗೂಗಲ್, ವಾಟ್ಸಾಪ್ ಅಲ್ಲಿಯ ಸಿಮ್‌ನಲ್ಲಿ ಬರುವುದಿಲ್ಲ. ಭಾರತದ ರೋಮಿಂಗ್ ಸಿಮ್‌ನಲ್ಲಿ ಬರುತ್ತದೆ.

ಊಟದ ಹೊತ್ತು ನೆನಪಿಡಿ. ಮಧ್ಯಾಹ್ನ ಹನ್ನೊಂದೂವರೆಗೇ ಶುರು. ಎರಡು ಗಂಟೆ ದಾಟಿದರೆ ಎಷ್ಟೋ ಕಡೆ ಒಲೆ ಆರಿಸುತ್ತಾರೆ, ಮತ್ತೆ ಐದರ ಮೇಲೆ. ರಾತ್ರಿ ಒಂಬತ್ತಕ್ಕೆ ಊಟಕ್ಕೆ ಹೊರಡುವ ನಮ್ಮ ಅಭ್ಯಾಸ ಚಿಕ್ಕ ಊರುಗಳಲ್ಲಿ ನಡೆಯುವುದಿಲ್ಲ.

ವಿಮಾನದ್ದೂ ಹೇಳುತ್ತೇನೆ. 2025ರ ಅಕ್ಟೋಬರ್ ಕೊನೆಯಿಂದ ಕೋಲ್ಕತ್ತಾ-ಗುವಾಂಗ್‌ಝೌ ನೇರ ವಿಮಾನ ಮತ್ತೆ ಶುರುವಾಯಿತು. ಆದರೆ ಅಕ್ಟೋಬರ್ ಮಧ್ಯದಿಂದ ಅಲ್ಲಿ ಕ್ಯಾಂಟನ್ ಮೇಳ. 1957ರಿಂದ ನಡೆಯುತ್ತಿರುವ ದೊಡ್ಡ ವ್ಯಾಪಾರ ಮೇಳ ಅದು. ಗುವಾಂಗ್‌ಝೌನಲ್ಲಿ ರೂಮ್ ಈಗಲೇ ಹಿಡಿಯಿರಿ.

ಕಾರವಾರದ_ಬೋಟು
ಅಪ್ಪನಿಗೆ ಒಂದು ಮಾತು ತಿಳಿಸಿ. ಮೀನುಗಾರರ ಊರಲ್ಲಿ ಒಂದು ಬದಿ ತಿಂದ ಮೇಲೆ ಮೀನನ್ನು ಮಗುಚಿ ಹಾಕಬಾರದು. ದೋಣಿ ಮಗುಚಿದ ಹಾಗೆ ಅಂತ ಅವರ ನಂಬಿಕೆ. ಮೇಲಿನ ಮಾಂಸ ಮುಗಿಸಿ, ನಡುಮುಳ್ಳು ಎತ್ತಿ ಪಕ್ಕಕ್ಕಿಟ್ಟು, ಕೆಳಗಿನದನ್ನು ತಿನ್ನಬೇಕು. ಕಡಲಿಗೆ ಹೋಗುವವರ ಮನೆಯಿಂದ ಬಂದವರಿಗೆ ಇದು ಕೂಡಲೇ ಅರ್ಥ ಆಗುತ್ತದೆ.

ಔಷಧಿ_ಚೀಟಿ
ಫುಜಿಯಾನ್‌ನ ರಾಜಧಾನಿ ಫುಝೌ ಕಡೆ ಹೋಗುವವರಿಗೆ: ಅಲ್ಲಿಯ ಮೀನಿನ ಉಂಡೆ ಬಿಳಿಯಾಗಿ ಮೀನಿನದ್ದೇ ಅಂತ ಕಾಣುತ್ತದೆ, ಒಳಗೆ ಹಂದಿ ಮಾಂಸ ತುಂಬಿರುತ್ತಾರೆ. ನನ್ನ ತಮ್ಮ ಅಲ್ಲಿ ಕೆಲಸ ಮಾಡುತ್ತಾನೆ, ಹೋದವರಿಗೆಲ್ಲ ಮೊದಲು ಇದನ್ನೇ ಹೇಳುತ್ತಾನೆ.

ಕೋಡಿ_ಕಡಲು
ಎಲ್ಲವನ್ನೂ ಬರೆದುಕೊಂಡಿದ್ದೇನೆ. ಏಜೆಂಟ್‌ಗೆ ಇಂಡಿಯನ್ ಊಟದ ಪ್ಯಾಕೇಜ್ ಬೇಡ ಅಂತ ಹೇಳಿಬಿಟ್ಟೆ. ಉಳಿದದ್ದು ಒಂದೇ, ಅಮ್ಮನ ಬೆಳಗಿನ ತಿಂಡಿ. ಪ್ರತಿದಿನ ದೇವಸ್ಥಾನಕ್ಕೆ ಹೋಗಲಾಗುವುದಿಲ್ಲ.

ಬೇಳೆಸಾರು
ಅವಲಕ್ಕಿ ತಗೊಂಡು ಹೋಗಿ ಅಂತ ಈಗಲೂ ಹೇಳುತ್ತೇನೆ.

ದ್ವೀಪದ_ದಾರಿ
ಅವಲಕ್ಕಿ ಇರಲಿ ಸರ್, ಒಪ್ಪಿದೆ. ಬೀದಿಯಲ್ಲೂ ಸಿಗುತ್ತದೆ. ಬಿಸಿ ಸೋಯಾ ಹಾಲು, ಹಬೆಯಲ್ಲಿ ಬೇಯಿಸಿದ ಒಳಗೆ ಏನೂ ತುಂಬದ ಬನ್, ಬೆಲ್ಲದಂಥ ಸಿಹಿನೀರು ಹಾಕಿದ ಮೆತ್ತನೆಯ ತೋಫು. ಶಿಯಾಮೆನ್‌ನಲ್ಲಿ ಇನ್ನೂ ಒಂದಿದೆ, ಕಡಲೆಕಾಯಿ ಪಾಯಸ. ಸಿಪ್ಪೆ ತೆಗೆದ ಬೀಜವನ್ನು ಸಕ್ಕರೆ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿರುತ್ತಾರೆ, ನಾಲಿಗೆ ಮೇಲಿಟ್ಟರೆ ಕರಗುತ್ತದೆ. ಕೆಲವರು ಕೇಳದೆಯೇ ಹಸಿ ಮೊಟ್ಟೆ ಒಡೆದು ಬಟ್ಟಲಿಗೆ ಹಾಕಿ ಅದರ ಮೇಲೆ ಬಿಸಿ ಸುರಿಯುತ್ತಾರೆ. ಸೌಟು ಎತ್ತುವ ಮೊದಲೇ ಮೊಟ್ಟೆ ಬೇಡ ಅಂತ ಹೇಳಿ.